ಬೆಂಚಿನ ಮೇಲಿನ ಕೈ

ನಮ್ಮೂರಲ್ಲಿ ಪೀಸು ಮೊದಲು ಬರುತ್ತದೆ, ಏಟು ಆಮೇಲೆ ಬೀಳುತ್ತದೆ. ಬೇರೆ ಊರುಗಳಲ್ಲಿ ಇದು ತಿರುಗಾಮುರುಗಾ ಅಂತೆ. ಅಲ್ಲಿ ಬೆರಳು ಹೋದ ಮೇಲೆ ಜನ ಬಾಯಿ ಬಡಿದುಕೊಂಡು ಆಸ್ಪತ್ರೆಗೆ ಓಡುತ್ತಾರಂತೆ, ಗಾಯ ಮಾಗಿದ ಮೇಲೆ ಯಾರೋ ಬಂದು ಅಳತೆ ತೆಗೆದು ಸುಳ್ಳು ಬೆರಳು ಮಾಡಿಕೊಡುತ್ತಾರಂತೆ. ನಮ್ಮಲ್ಲಿ ಅಷ್ಟೆಲ್ಲ ಗದ್ದಲವಿಲ್ಲ. ಸುಳ್ಳು ಬೆರಳು ಮೊದಲೇ ತಯಾರಾಗಿ ಬರುತ್ತದೆ. ಅದು ಯಾರದು ಅಂತ ಕಂಡುಕೊಂಡು, ನಿಜವಾದದ್ದು ಹೋಗುವವರೆಗೆ ಕಾಯುವುದಷ್ಟೇ ನಮಗೆ ಉಳಿದ ಕೆಲಸ.

ಊರಿನ ಅರ್ಧಕ್ಕರ್ಧ ಜನ ದುಡಿಯುವ ಕಾರ್ಖಾನೆಯಲ್ಲಿ, ಗಾಜಿನ ಪೆಟ್ಟಿಗೆಯೊಳಗೆ ಒಂದು ದೊಡ್ಡ ಮಿಷನ್ನಿದೆ. ಮಹಡಿಯಲ್ಲಿ ಕೂತವರು ಕಂಪ್ಯೂಟರಿನಲ್ಲಿ ಡ್ರಾಯಿಂಗು ಮಾಡಿ ಕಳಿಸಿದರೆ ಸಾಕು, ಕೆಳಗೆ ಈ ಮಿಷನ್ನು ಅಲ್ಯೂಮಿನಿಯಂ ಗಟ್ಟಿಯನ್ನು ತಾನೇ ಕಚ್ಚಿ ಹಿಡಿದು, ತಾನೇ ಉಳಿ ಬದಲಾಯಿಸಿಕೊಂಡು, ಹಾಲಿನಂಥ ನೀರು ಚಿಮ್ಮಿಸುತ್ತಾ ಪಂಪಿನ ಬಿಡಿಭಾಗಗಳನ್ನು ಕಡೆದು ಹಾಕುತ್ತದೆ. ಕೆಲವು ಸಲ ಆರ್ಡರಿನ ಪೀಸುಗಳೆಲ್ಲ ಮುಗಿದರೂ ಅದರ ಬಾಗಿಲು ತೆರೆಯುವುದಿಲ್ಲ. ಹಸಿರು ದೀಪ ಉರಿಯುತ್ತಲೇ ಇರುತ್ತದೆ. ಪರದೆಯ ಮೇಲೆ ಯಾರೂ ಮಾಡದ ಡ್ರಾಯಿಂಗೊಂದು ಗೆರೆ ಗೆರೆಯಾಗಿ ಮೂಡುತ್ತದೆ. ಮಿಷನ್ನು ಇನ್ನೂ ಒಂದು ಪೀಸು ಕಡೆಯುತ್ತದೆ. ಅದು ತೋರುಬೆರಳಾಗಿರಬಹುದು, ಹಿಮ್ಮಡಿಯಾಗಿರಬಹುದು. ಒಮ್ಮೆ ಒಂದು ಕಿವಿ ಬಂದಿತ್ತು. ಒಳಗೆ ಟೊಳ್ಳು, ಹೊರಗೆ ಚರ್ಮದ ನಿರಿಗೆಗಳ ಸಮೇತ.

ಬಂದ ಪೀಸನ್ನು ಗೇಟಿನ ಪಕ್ಕದ ಸಿಮೆಂಟು ಬೆಂಚಿನ ಮೇಲೆ ಇಡುತ್ತಾರೆ. ಊಟದ ಬಿಡುವಿನಲ್ಲಿ ಜನ ಕೈ ಒರೆಸಿಕೊಂಡು ಬಂದು ಒಬ್ಬೊಬ್ಬರಾಗಿ ಹಾಕಿಕೊಂಡು ನೋಡುತ್ತಾರೆ. ಹೆಂಗಸರು ಮಕ್ಕಳನ್ನೂ ಕರೆತರುತ್ತಾರೆ. ಸರಿಯಾದವರಿಗೆ ಸಿಕ್ಕಾಗ ಪೀಸು ಟಕ್ ಅಂತ ಸಣ್ಣ ಸದ್ದು ಮಾಡಿ ಮೈಗೆ ಕಚ್ಚಿಕೊಳ್ಳುತ್ತದೆ. ಅದಕ್ಕೆ ನಾವು ಕೂತಿತು ಅನ್ನುತ್ತೇವೆ. ಕೂತ ದಿನ ಆ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಬೀದಿಯವರೇ ಅನ್ನ ಸಾರು ತಂದಿಡುತ್ತಾರೆ. ಮಾರನೆಯ ದಿನದಿಂದ ಆ ಮನುಷ್ಯ ಎಡಗೈಯಲ್ಲಿ ಹಲ್ಲುಜ್ಜುವುದನ್ನೋ ಒಂದೇ ಕಾಲಲ್ಲಿ ಮೆಟ್ಟಿಲು ಹತ್ತುವುದನ್ನೋ ರೂಢಿ ಮಾಡಿಕೊಳ್ಳತೊಡಗುತ್ತಾನೆ. ಹೆಣ್ಣು ಕೇಳಲು ಬಂದವರು ಕಾಫಿ ಕುಡಿಯುತ್ತಾ, ಹುಡುಗಿಗೆ ಪೀಸೇನಾದರೂ ಕೂತಿದೆಯಾ ಅಂತ ಮೆಲ್ಲಗೆ ಕೇಳುತ್ತಾರೆ. ಟೀ ಅಂಗಡಿಯ ತೊರೆಯಪ್ಪನ ಬಲಗೈಯಲ್ಲಿ ಮೂರು ಬೆರಳು ಅಲ್ಯೂಮಿನಿಯಮ್ಮಿನವು. ಕುದಿಯುವ ಲೋಟವನ್ನು ಅವನು ಬಟ್ಟೆಯಿಲ್ಲದೆ ಎತ್ತುತ್ತಾನೆ. "ನಿಮ್ಗೆಲ್ಲ ಸುಡ್ತದೆ, ನಂಗ್ ಸುಡಲ್ಲ. ಯಾರ್ಲಾ ಅದೃಷ್ಟವಂತ?" ಅಂತ ನಗುತ್ತಾನೆ. ಜನವೂ ನಗುತ್ತಾರೆ.

ಕಾರ್ಖಾನೆಯ ಸಾಹೇಬರಿಗಂತೂ ಇದರಷ್ಟು ಅನುಕೂಲದ ಸಂಗತಿ ಇನ್ನೊಂದಿಲ್ಲ. ಕೈ ಕಳೆದುಕೊಂಡವರು ಪರಿಹಾರ ಕೇಳಲು ಹೋದರೆ, "ಪೀಸು ಮೊದಲೇ ಕೊಟ್ಟಿದೀವಲ್ಲಪ್ಪ, ನೀನೂ ತಗೊಂಡಿದೀಯ" ಅನ್ನುತ್ತಾರೆ. ಹೋದವನು ತಲೆಯಾಡಿಸಿ ವಾಪಸು ಬರುತ್ತಾನೆ. ಬೇಲಿ ಕಿತ್ತುಹೋದ ಬೆಲ್ಟಿಗೆ ಬೇಲಿ ಹಾಕುವವರಿಲ್ಲ. ಪೀಸು ಬಂದಿದ್ದರೆ ಬೇಲಿ ಹಾಕಿದರೂ ಏಟು ಬಿದ್ದೇ ಬೀಳುತ್ತದೆ ಅನ್ನುವ ಧೈರ್ಯ, ಪೀಸು ಬಂದಿಲ್ಲದಿದ್ದರೆ ಏನೂ ಆಗುವುದಿಲ್ಲ ಅನ್ನುವ ಇನ್ನೊಂದು ಧೈರ್ಯ. ಈ ಎರಡು ಧೈರ್ಯಗಳ ನಡುವೆ ಇಡೀ ಊರು ಕುರಿಯ ಹಾಗೆ ಮೇಯುತ್ತಿತ್ತು. ಅದನ್ನು ನೋಡಿ ನೋಡಿ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು, ದೊಡ್ಡ ಮಿಷನ್ನಿನ ಹೊಟ್ಟೆಯಿಂದ ಲೋಹದ ಸುರುಳಿಗಳನ್ನು ಬಾಚಿ ಡ್ರಮ್ಮಿಗೆ ತುಂಬುವವನು. ನನ್ನ ಉರಿ ಯಾರಿಗೆ ಬೇಕು? ಜಗಳಗಂಟ ಅಂತ ಹೆಸರಿಟ್ಟು ಸುಮ್ಮನಾಗಿದ್ದರು.

ನಮ್ಮ ಮನೆಯಲ್ಲಿ ನಾನು ಮತ್ತು ನನ್ನ ಅಕ್ಕ ದೇವೀರಿ, ಇಬ್ಬರೇ. ಅವ್ವ ಹೋದಾಗ ನಾನು ಇನ್ನೂ ಕೈತುತ್ತು ತಿನ್ನುವ ವಯಸ್ಸಿನವನು. ಅಕ್ಕನೇ ಕಲಸಿ ಬಾಯಿಗಿಟ್ಟು ಬೆಳೆಸಿದಳು. ಈಗ ಅವಳು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನಲ್ಲಿದ್ದಳು. ಒಂದು ಕಡೆಯಿಂದ ಕಿತ್ತಳೆ ಬಣ್ಣದ ರೋಬೋ ಕೈ ತಗಡು ತಂದು ಪ್ರೆಸ್ಸಿನ ಬಾಯಿಗೆ ಇಡುತ್ತದೆ. ಅದು ಕೂದಲೆಳೆಯಷ್ಟು ಸೊಟ್ಟ ಇಟ್ಟರೂ ಮಾಲು ಹಾಳು. ಆದ್ದರಿಂದ ಪ್ರೆಸ್ಸು ಬೀಳುವ ಮೊದಲು ಯಾರಾದರೂ ಕೈ ಹಾಕಿ ತಗಡನ್ನು ನೇರ ಮಾಡಬೇಕು. ಅದು ಅಕ್ಕನ ಕೆಲಸ. ಪ್ರೆಸ್ಸಿನ ಬಾಯಿಗೆ ಒಂದು ಕೆಂಪು ಕಣ್ಣು ಕೂರಿಸಿದ್ದರು. ಒಳಗೆ ಕೈ ಇದ್ದರೆ ಆ ಕಣ್ಣು ಪ್ರೆಸ್ಸನ್ನು ತಡೆಯುತ್ತಿತ್ತು.

ಅವತ್ತು ಬೆಳಗಿನ ಶಿಫ್ಟು ಮುಗಿಯುವ ಹೊತ್ತಿಗೆ ದೊಡ್ಡ ಮಿಷನ್ನಿನ ಬಾಗಿಲು ತೆರೆಯಲಿಲ್ಲ. ಸುತ್ತಲಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೈ ತೊಳೆಯುವ ನೆಪದಲ್ಲಿ ಜಾಗ ಖಾಲಿ ಮಾಡಿದರು. ಉಳಿದವನು ನಾನೊಬ್ಬನೇ. ಬಾಗಿಲು ತೆರೆದಾಗ ಒಳಗೆ ಒಂದು ಕೈ ಇತ್ತು. ಮಣಿಕಟ್ಟಿನಿಂದ ಮುಂದಕ್ಕೆ, ಬಲಗೈ, ಹೆಂಗಸಿನದು. ಬಿಳಿ ನೀರು ಬೆರಳ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಎತ್ತಿಕೊಂಡು ತಿರುಗಿಸಿದೆ. ಕಿರುಬೆರಳು ಗೆಣ್ಣಿನ ಹತ್ತಿರ ಹೊರಕ್ಕೆ ಬಾಗಿತ್ತು. ಹುಟ್ಟಿನಿಂದಲೇ ಹಾಗೆ ಬಾಗಿದ ಕಿರುಬೆರಳು ಊರಿನಲ್ಲಿ ಒಂದೇ ಒಂದಿತ್ತು. ಅದನ್ನು ಹಿಡಿದುಕೊಂಡೇ ನಾನು ನಡೆಯಲು ಕಲಿತದ್ದು.

ಕೈಯನ್ನು ಡ್ರಮ್ಮಿನೊಳಗೆ, ಲೋಹದ ಸುರುಳಿಗಳ ಅಡಿಗೆ ತುರುಕಿದೆ. ತಿರುಗಿ ನೋಡಿದರೆ ಪರದೆಯ ಮೇಲೆ ಅದೇ ಕೈ ಮತ್ತೆ ಗೆರೆ ಗೆರೆಯಾಗಿ ಮೂಡುತ್ತಿತ್ತು. ಮೊದಲು ಮಣಿಕಟ್ಟು, ಆಮೇಲೆ ಹೆಬ್ಬೆರಳು. ಅವಸರವಿಲ್ಲ, ಬೇಸರವಿಲ್ಲ. ಕೆಂಪು ಗುಂಡಿ ಒತ್ತಿ ಮಿಷನ್ನು ನಿಲ್ಲಿಸಿ ಮಹಡಿಗೆ ಓಡಿದೆ.

ಡ್ರಾಯಿಂಗು ಮಾಡುವ ರುಕ್ಮಾಂಗದ ತಣ್ಣನೆ ಕೋಣೆಯಲ್ಲಿ ಸ್ವೆಟರು ಹಾಕಿಕೊಂಡು ಕೂತಿದ್ದ. ಓದಿದವನಾದರೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿರಲಿಲ್ಲ. ಅವನ ಪರದೆಯ ಮೇಲೂ ಆ ಕೈ ನಿಂತಿತ್ತು.

"ಇದನ್ನ ಅಳಿಸಿ ಸಾರ್," ಅಂದೆ.

"ಆಗಲ್ಲ ಚಿಕ್ಕೀರ. ನಮ್ಮಪ್ಪನ ಕಾಲು ಬಂದಾಗ ನಾನೂ ಅಳಿಸಿದ್ದೆ. ಊಟ ಮಾಡಿ ಬರೋ ಅಷ್ಟರಲ್ಲಿ ವಾಪಸ್ ಬಂದಿತ್ತು. ಮತ್ತೆ ಅಳಿಸಿದೆ, ಮತ್ತೆ ಬಂತು." ಅವನು ಕನ್ನಡಕ ತೆಗೆದು ಸ್ವೆಟರಿಗೆ ಒರೆಸಿಕೊಂಡ. "ಯಾರದು, ಗೊತ್ತಾ?"

"ನಮ್ಮಕ್ಕಂದು."

ಅವನು ಕನ್ನಡಕ ಮತ್ತೆ ಹಾಕಿಕೊಂಡ. ನನ್ನ ತಲೆ ಕೆಟ್ಟಿತು. ಕುರ್ಚಿಯ ಬೆನ್ನು ಹಿಡಿದು ಅಲ್ಲಾಡಿಸಿದೆ. "ಅಳಿಸಬೇಡಿ ಹಂಗಾದ್ರೆ. ಸೇರ್ಸಿ. ಇನ್ನೊಂದು ಬೆರಳು ಸೇರ್ಸಿ. ಅಂಥ ಕೈ ಈ ಊರಲ್ಲಿ ಯಾರಿಗೂ ಇಲ್ಲ. ಕೂರೋದಾದ್ರೆ ಯಾರಿಗ್ ಕೂತ್ಕತದೋ ನೋಡಾನ."

ರುಕ್ಮಾಂಗದ ಪರದೆಯ ಕಡೆ ತಿರುಗಿದ. ಮೌಸಿನ ಮೇಲೆ ಕೈಯಿಟ್ಟು, ಹೆಬ್ಬೆರಳ ಪಕ್ಕಕ್ಕೆ ಇನ್ನೊಂದು ಹೆಬ್ಬೆರಳನ್ನು ಅಂಟಿಸಿದ. ಡ್ರಾಯಿಂಗು ತಕರಾರು ಮಾಡಲಿಲ್ಲ. ಕೆಳಗೆ ಮಿಷನ್ನು ತಾನಾಗಿ ಗುಂಯ್‌ಗುಟ್ಟತೊಡಗಿದ್ದು ಮಹಡಿಯ ನೆಲದಲ್ಲಿ ನನ್ನ ಅಂಗಾಲಿಗೆ ತಿಳಿಯಿತು.

ಆರು ಬೆರಳಿನ ಕೈ ಬೆಂಚಿನ ಮೇಲೆ ಬಂತು. ಮೊದಲು ಯಾರೂ ಮುಟ್ಟಲಿಲ್ಲ. ಎಲ್ಲರ ಕಣ್ಣೂ ಜೋಡಿ ಹೆಬ್ಬೆರಳ ಮೇಲೇ ಇತ್ತು, ಸೊಟ್ಟ ಕಿರುಬೆರಳನ್ನು ಯಾರೂ ಗಮನಿಸಲಿಲ್ಲ. ಕೊನೆಗೆ ತೊರೆಯಪ್ಪನೇ ಶುರು ಮಾಡಿದ. ಎಲ್ಲರೂ ಹಾಕಿಕೊಂಡು ನೋಡಿದರು, ಎಲ್ಲರಿಗೂ ಅದು ಸಡಿಲ ಮುಚ್ಚಳದ ಹಾಗೆ ಗಲಗಲ ಅಂದಿತು. ಅಕ್ಕನ ಸರದಿ ಬಂತು. ಅವಳು ಬಳೆ ಹಿಂದೆ ಸರಿಸಿ ಕೈ ತೂರಿಸಿದಳು, ಅತ್ತ ಇತ್ತ ತಿರುಗಿಸಿದಳು. ಸದ್ದಿಲ್ಲ. "ನಂದಲ್ಲಪ್ಪ," ಅಂತ ನಗುತ್ತಾ ತೆಗೆದಿಟ್ಟು, ಊಟದ ಡಬ್ಬಿ ತೆಗೆದುಕೊಂಡು ನೆರಳಿಗೆ ಹೋದಳು. ನಾನು ಗೋಡೆಯ ಹಿಂದೆ ಹೋಗಿ ಒಬ್ಬನೇ ನಕ್ಕೆ. ಜೀವಮಾನದಲ್ಲಿ ಮೊದಲ ಸಲ ಗೆದ್ದೆ ಅನ್ನಿಸಿತು.

ಕೈ ಬೆಂಚಿನ ಮೇಲೇ ಉಳಿಯಿತು. ಮಳೆ ಬಂದಾಗ ಅಂಗೈಯಲ್ಲಿ ನೀರು ನಿಂತು ಗುಬ್ಬಿಗಳು ಕುಡಿದವು. ದೊಡ್ಡ ಮಿಷನ್ನು ಹೆಚ್ಚಿನ ಪೀಸು ಮಾಡುವುದನ್ನೇ ಬಿಟ್ಟಿತು. ನಿಧಾನಕ್ಕೆ ಊರಿನ ಚರ್ಯೆ ಬದಲಾಯಿತು. ಬಾಕಿ ಇರುವ ಪೀಸು ಕೂರುವ ತನಕ ಹೊಸದು ಬರುವುದಿಲ್ಲ, ಹೊಸದು ಬರದೆ ಯಾರಿಗೂ ಏಟಿಲ್ಲ, ಬಾಕಿ ಇರುವುದು ಈ ಊರಿನವರದ್ದೇ ಅಲ್ಲ. ಈ ಮಾತನ್ನು ಯಾರು ಮೊದಲು ಆಡಿದರೋ, ವಾರದೊಳಗೆ ಎಲ್ಲರ ಬಾಯಲ್ಲೂ ಇತ್ತು. ಜನ ಓಡುವ ಬೆಲ್ಟು ದಾಟಿ ಅಡ್ಡದಾರಿ ಹಿಡಿದರು. ತಿರುಗುವ ಚಕ್ರದ ಪಕ್ಕ ಕೂತು ಚೌಕಾಬಾರ ಆಡಿದರು. ಮಕ್ಕಳು ಗೇಟಿನೊಳಗೆ ಬಂದು ರೋಬೋ ಕೈಗೆ ಜೋತುಬಿದ್ದರು. ಸಾಹೇಬರು ಮಹಡಿಯ ಕಿಟಕಿಯಿಂದ ನೋಡಿ ಸಂತೋಷಪಟ್ಟರು, ಮಾಲು ದುಪ್ಪಟ್ಟು ಬರುತ್ತಿತ್ತು.

ಒಂದು ದಿನ ಪ್ರೆಸ್ಸಿನ ಸದ್ದು ಬದಲಾದದ್ದು ನನಗೆ ಡ್ರಮ್ಮಿನ ಹತ್ತಿರ ಇದ್ದಾಗಲೇ ಕೇಳಿತು. ನಡುವೆ ತಡೆದು ತಡೆದು ಬೀಳುತ್ತಿದ್ದದ್ದು ಈಗ ಎಡೆಬಿಡದೆ ಬೀಳುತ್ತಿತ್ತು. ಹೋಗಿ ನೋಡಿದರೆ ಕೆಂಪು ಕಣ್ಣಿಗೆ ಕರೀ ಟೇಪು ಸುತ್ತಿದ್ದರು. ಅಕ್ಕನ ಕೈ ಪ್ರೆಸ್ಸಿನ ಬಾಯಿಗೆ ಮೊಣಕೈವರೆಗೆ ಹೋಗಿ ಬರುತ್ತಿತ್ತು. ಅವಳು ಪಕ್ಕದವಳ ಜೊತೆ ಹರಟುತ್ತಿದ್ದಳು, ಕಣ್ಣು ಕೂಡ ಆ ಕಡೆ ಇರಲಿಲ್ಲ.

ಮೇಸ್ತ್ರಿ ಮರಿಸಿದ್ದಯ್ಯನ ಹತ್ತಿರ ಹೋದೆ. "ಕಣ್ಣಿಗ್ಯಾಕೆ ಟೇಪ್ ಸುತ್ತಿದ್ದೀರಿ?"

"ಘಳಿಗೆಗೊಂದ್ಸಲ ನಿಲ್ತಿತ್ತಲ್ಲೋ. ಯಾವನ್ ಕಾಯ್ತಾನೆ?"

"ಕೈ ಹೋದ್ರೆ?"

"ಪೀಸೇ ಬಂದಿಲ್ಲ, ಕೈ ಹೆಂಗ್ಲಾ ಹೋದದು? ಸ್ಕೂಲ್ ಬಿಟ್ಟೋನು ಅಂತ ಇಷ್ಟು ದಡ್ಡ ಆಗ್ಬಾರ್ದು ಕಣಪ್ಪ." ಸುತ್ತಲಿದ್ದವರು ನಕ್ಕರು. ಅಕ್ಕನೂ ನಕ್ಕಳು.

ಮೊದಲು ಆ ಪ್ರೆಸ್ಸಿಗೆ ಕಣ್ಣಿತ್ತು. ಆರನೇ ಬೆರಳು ಸೇರಿಸಿ ಅದನ್ನು ಕುರುಡು ಮಾಡಿದವನು ನಾನೇ.

ಊಟದ ಬಿಡುವಿನಲ್ಲಿ ಬೆಂಚಿನ ಮೇಲೆ ಹತ್ತಿ ನಿಂತೆ. ಎಲ್ಲವನ್ನೂ ಹೇಳಿದೆ. ಈ ಕೈ ನಮ್ಮಕ್ಕನದು, ಬೆರಳು ಸೇರಿಸಿದ್ದು ನಾನು, ಇಷ್ಟು ದಿನ ನೀವು ನಂಬಿಕೊಂಡಿದ್ದದ್ದು ಸುಳ್ಳು, ಹೋಗಿ ಕಣ್ಣಿನ ಟೇಪು ಕೀಳಿ, ಬೆಲ್ಟಿಗೆ ಬೇಲಿ ಹಾಕಿ ಅಂದೆ. ಜನ ನನ್ನನ್ನು ಹೊಡೆಯುತ್ತಾರೆ ಅಂದುಕೊಂಡಿದ್ದೆ. ಒಬ್ಬರೂ ಕೈಯೆತ್ತಲಿಲ್ಲ. ಅವರ ಮುಖದಲ್ಲಿ ಕಾಣಿಸಿದ್ದು ಭಯ. ಒಬ್ಬ ಹೆಂಗಸು ಮಗುವನ್ನು ಸೆರಗಿನೊಳಗೆ ಎಳೆದುಕೊಂಡಳು. ಇಷ್ಟು ದಿನ ತಾನು ನಡೆದಾಡಿದ ಬೆಲ್ಟಿನ ಕಡೆ ಒಬ್ಬ ತಿರುಗಿ ನೋಡಿ ಬೆವರು ಒರೆಸಿಕೊಂಡ. ಆಮೇಲೆ ಮರಿಸಿದ್ದಯ್ಯ ಬಹಳ ಮೃದುವಾಗಿ ಕೇಳಿದ: "ನಿಜವಾದ್ ಪೀಸು ಎಲ್ಲಿಟ್ಟೀಯಪ್ಪ?"

ನಾನು ಹೇಳಲಿ ಅಂತ ಅವರು ಕಾಯಲಿಲ್ಲ. ನಾನು ತುಂಬಿಟ್ಟಿದ್ದ ಡ್ರಮ್ಮುಗಳನ್ನು ಒಂದೊಂದಾಗಿ ಬೋರಲು ಹಾಕಿದರು. ಸುರುಳಿಗಳ ಜೊತೆ ಅದೂ ಉರುಳಿ ಬಿತ್ತು, ಅಂಗೈ ಮೇಲಾಗಿ.

ಸಂಜೆ ಅವರು ನಮ್ಮ ಮನೆಗೆ ಬಂದರು. ಯಾರಲ್ಲೂ ಸಿಟ್ಟಿರಲಿಲ್ಲ. ಹೆಂಗಸರು ಅನ್ನ, ಸಾರು, ಹಪ್ಪಳ ತಂದಿದ್ದರು. ತೊರೆಯಪ್ಪ ಕೈಯನ್ನು ಒಗೆದ ಟವೆಲಿನಲ್ಲಿ ಸುತ್ತಿ ತಂದಿದ್ದ. ಬಾಗಿಲಿಗೆ ಅಡ್ಡ ನಿಂತ ನನ್ನನ್ನು ಇಬ್ಬರು ಹಿಡಿದುಕೊಂಡರು, ನೋವಾಗದ ಹಾಗೆ ಹಿಡಿದುಕೊಂಡರು.

"ನಿಂದೇ ಅಂತ ಖಾತ್ರಿ ಆಗ್ಬಿಡ್ಲಿ ಕಣವ್ವ," ಅಂದ ತೊರೆಯಪ್ಪ. "ಬೀದಿ ಮಕ್ಕಳೆಲ್ಲ ಹೆದರ್ಕಂಡವೆ. ಕೂತ್ಬಿಟ್ರೆ ಎಲ್ರಿಗೂ ನಿದ್ದೆ ಬತ್ತದೆ."

"ಕೊಡ್ಬೇಡ ಅಕ್ಕ," ಅಂತ ಕೂಗಿದೆ.

ಅಕ್ಕ ನನ್ನನ್ನು ನೋಡಿದಳು, ಆಮೇಲೆ ಮಕ್ಕಳನ್ನು ನೋಡಿದಳು. "ನೀನೊಬ್ಬ, ಸುಮ್ಕಿರು," ಅಂದು ಬಳೆ ತೆಗೆದಿಟ್ಟು ಕೈ ಚಾಚಿದಳು. ಟಕ್ ಅಂದಿತು. ನಮ್ಮ ಮನೆಯೊಳಗೆ ಅಷ್ಟೊಂದು ಜನ ಒಟ್ಟಿಗೆ ಉಸಿರುಬಿಟ್ಟದ್ದು ಗಾಳಿ ಬೀಸಿದ ಹಾಗೆ ಕೇಳಿತು.

ಕೆಲಸಕ್ಕೆ ಹೋಗಬೇಡ ಅಂತ ಅವಳ ಕಾಲು ಹಿಡಿದೆ. ಪಾದದ ಪೀಸು ಕೂತ ಮೇಲೆ ಕಾರ್ಖಾನೆ ಬಿಟ್ಟು ನೆಂಟರ ಊರಿಗೆ ಹೋದ ಜೋಗಯ್ಯನ ಕಾಲು ಅಲ್ಲಿ ಬಸ್ಸಿನ ಚಕ್ರಕ್ಕೆ ಸಿಕ್ಕಿದ್ದನ್ನು ಅವಳು ನೆನಪಿಸಿದಳು. "ಮನೇಲ್ ಕೂತ್ರೆ ಈಳಿಗೆಮಣೆ ಇಲ್ವೇನ್ಲಾ?" ಅಂದಳು. ಅವಳ ದನಿ ಎಷ್ಟು ಆರಾಮಾಗಿತ್ತೆಂದರೆ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಮಾರನೆಯ ದಿನ ನಾನು ಹಾರೆಕೋಲು ಹಿಡಿದುಕೊಂಡು ಪ್ರೆಸ್ಸಿನ ಹತ್ತಿರ ಹೋಗಿ ಟೇಪು ಕಿತ್ತೆಸೆದೆ. ಪ್ರೆಸ್ಸು ಮತ್ತೆ ಕೆಂಪು ಕಣ್ಣು ಬಿಟ್ಟಿತು. ಯಾರಾದರೂ ಇದನ್ನು ಮುಚ್ಚಲು ಬಂದರೆ ರೋಬೋವನ್ನೂ ಅವರನ್ನೂ ಒಟ್ಟಿಗೆ ಮುರಿಯುತ್ತೇನೆ ಅಂದೆ. ಮರಿಸಿದ್ದಯ್ಯ ಕನಿಕರದಿಂದ ನೋಡಿದ. "ಕಾಯ್ಕಳಪ್ಪ. ಎಷ್ಟ್ ದಿನ ಕಾಯ್ತೀಯೋ ಕಾಯ್ಕ. ಇದು ಮೈಗೆ ಕೂತಿರೋ ಪೀಸು." ನನ್ನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಲೋಹದ ಸುರುಳಿ ಬಾಚಲು ಬೇರೆಯವನು ಬಂದ. ನಾನು ಶಿಫ್ಟು ಶುರುವಾದಾಗಿನಿಂದ ಮುಗಿಯುವವರೆಗೆ ಆ ಕೆಂಪು ಕಣ್ಣಿನ ಪಕ್ಕ ನಿಂತೆ. ಅಕ್ಕ ಲೋಹದ ಕೈ ತೊಟ್ಟುಕೊಂಡೇ ಕೆಲಸಕ್ಕೆ ಬರತೊಡಗಿದಳು. ಅವಳ ಕೈ ಒಳಗೆ ಹೋದಾಗಲೆಲ್ಲ ಪ್ರೆಸ್ಸು ನಿಂತಿತು. ಒಂದು ಸಲವೂ ತಪ್ಪಲಿಲ್ಲ. ಮನೆಯಲ್ಲಿ ಈಳಿಗೆಮಣೆಯನ್ನು ಬಾವಿಗೆ ಹಾಕಿದೆ, ತರಕಾರಿ ನಾನೇ ಹಚ್ಚಿದೆ. ರಸ್ತೆಯಲ್ಲಿ ಅವಳ ಬಲಕ್ಕೆ ನಡೆದೆ. ತಿಂಗಳು ಕಳೆಯಿತು, ಇನ್ನೊಂದೂ ಕಳೆಯಿತು. ಏನೂ ಆಗಲಿಲ್ಲ. ಜನ ನನ್ನನ್ನು ಕಂಡು ಮಾತು ನಿಲ್ಲಿಸತೊಡಗಿದರು. ಕೂತ ಪೀಸಿನವರಿಗೆ ಏಟು ಬೀಳದೇ ಇದ್ದದ್ದನ್ನು ಅವರು ಕಂಡೇ ಇರಲಿಲ್ಲ. ನೀವು ಹೆದರಿ ಸಾಯಿರಿ, ನಾನು ಗೆದ್ದೆ ಅಂತ ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಪ್ರೆಸ್ಸಿನ ಕಡೆ ಅಷ್ಟು ನೋಡಿದವನು ಅಕ್ಕನ ಕಡೆ ನೋಡಿರಲಿಲ್ಲ.

ರಜೆಯ ದಿನ ಮಧ್ಯಾಹ್ನ ಇಬ್ಬರೂ ಊಟಕ್ಕೆ ಕೂತಿದ್ದೆವು. ಅವಳು ಲೋಹದ ಕೈ ಹಾಕಿಕೊಂಡೇ ಒಲೆಯ ಮೇಲಿನ ಪಾತ್ರೆ ಇಳಿಸಿದಳು, ಬಟ್ಟೆಯಿಲ್ಲದೆ. ಅದರಲ್ಲೇ ಮುದ್ದೆ ಮುರಿದಳು. ಅಲ್ಯೂಮಿನಿಯಂ ಬೆರಳುಗಳು ಮೆಲ್ಲಗೆ ಮಡಚಿ ಬಿಚ್ಚಿಕೊಳ್ಳುತ್ತಿದ್ದವು.

"ಮನೇಲೂ ಯಾಕೆ ಇದು? ತೆಗಿ," ಅಂದೆ.

"ಇರ್ಲಿ ಬಿಡ್ಲಾ."

"ತೆಗಿ ಅಂದೆ."

ಅವಳು ನಿಟ್ಟುಸಿರಿಟ್ಟು ಎಡಗೈಯಿಂದ ಅದನ್ನು ಕಳಚಿ ನೆಲದ ಮೇಲಿಟ್ಟಳು. ಒಳಗಿನಿಂದ ಅವಳ ಕೈ ಹೊರಬಂತು. ಗಾಯವಿಲ್ಲ, ಗೀರಿಲ್ಲ. ಬಹಳ ಹೊತ್ತು ನೀರಿನಲ್ಲಿ ನೆನೆಸಿಟ್ಟ ಬಟ್ಟೆಯ ಹಾಗೆ ಬಿಳಿಚಿ ಸುಕ್ಕುಗಟ್ಟಿತ್ತು. ಯಾರೋ ನೋಡಿಕೊಂಡಿರು ಅಂತ ಕೊಟ್ಟುಹೋದ ಸಾಮಾನಿನ ಹಾಗೆ ಅವಳ ತೊಡೆಯ ಮೇಲೆ ಬಿದ್ದಿತ್ತು. ಹಿಡಿದುಕೊಂಡೆ, ತಣ್ಣಗೆ ಕೊರೆಯುತ್ತಿತ್ತು.

"ಅಲ್ಲಾಡ್ಸು," ಅಂದೆ.

"ಆಗಲ್ಲ ಕಣಪ್ಪ."

"ಯಾವಾಗಿಂದ?"

"ಪೀಸು ಕೂತ್ಕಂತಲ್ಲ, ಆವತ್ತಿಂದ ಒಂದೊಂದೇ ಬೆರಳು. ಈಗ ಅದು ನಂದು ಅಂತ್ಲೇ ಅನ್ಸಲ್ಲ." ಅವಳು ಆ ಕೈಯ ಕಡೆ ನೋಡಲೂ ಇಲ್ಲ. "ಪ್ರೆಸ್ಸೇ ತಕಂಡಿದ್ರೆ ಒಂದೇ ಏಟಿಗೆ ಮುಗೀತಿತ್ತು. ನೀನು ಪಾಪ ಅಷ್ಟು ಕಷ್ಟ ಬಿದ್ದು ನಿಂತಿದ್ದೆ, ಹೆಂಗ್ ಹೇಳಾದು?"

ನನಗೆ ಕಣ್ಣು ಕಾಣಲಿಲ್ಲ. ಮೂಲೆಯಲ್ಲಿದ್ದ ಸುತ್ತಿಗೆ ಎತ್ತಿಕೊಂಡೆ. ನೆಲದ ಮೇಲೆ ಬಿದ್ದಿದ್ದ ಆ ಹೊಳೆಯುವ ಕೈಯನ್ನು ಪುಡಿ ಮಾಡಿಬಿಡುತ್ತೇನೆ ಅಂತ ತಲೆಯ ಮೇಲಕ್ಕೆ ಎತ್ತಿದೆ. ಅಕ್ಕ ಎಡಗೈಯನ್ನು ಅದರ ಮೇಲೆ ಅಡ್ಡ ಹಿಡಿದಳು. ಅವಳ ಬಲಗೈ ಸುತ್ತಿಗೆಯ ನೇರಕ್ಕೇ ಜೋತುಬಿದ್ದಿತ್ತು, ಅದನ್ನು ಅವಳು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಬ್ಯಾಡ ಕಣ್ಲಾ," ಅಂದಳು. "ನೋಯ್ತದೆ."

ನಾನು ಹಾಗೇ ನಿಂತೆ. ಅವಳು ಲೋಹದ ಕೈಯನ್ನು ಎತ್ತಿ, ದೂಳು ಊದಿ, ಮತ್ತೆ ತೊಟ್ಟುಕೊಂಡಳು. ಟಕ್ ಅಂದಿತು. ಬೆರಳುಗಳು ಒಂದೊಂದಾಗಿ ನಿದ್ದೆಯಿಂದ ಎದ್ದವರ ಹಾಗೆ ಚಾಚಿಕೊಂಡವು. ಅವು ಬಂದು ನನ್ನ ಮಣಿಕಟ್ಟು ಹಿಡಿದು ಸುತ್ತಿಗೆಯನ್ನು ಕೆಳಗಿಳಿಸಿದವು. ಬೆಚ್ಚಗಿದ್ದವು.

"ಕೂತ್ಕ. ಮುದ್ದೆ ಆರೋಯ್ತದೆ," ಅಂದಳು. ನಾನು ಕೂರಲಿಲ್ಲ. ಅವಳು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಎದ್ದು ಬಂದು ನನ್ನ ಬಾಯಿಯ ಮುಂದೆ ಹಿಡಿದಳು. ಸೊಟ್ಟ ಕಿರುಬೆರಳು ಗಲ್ಲಕ್ಕೆ ತಾಕಿತು. ಹಲ್ಲು ಕಚ್ಚಿಕೊಂಡು ಎಷ್ಟೋ ಹೊತ್ತು ನಿಂತಿದ್ದೆ. ಕೈ ಅಲುಗಾಡದೆ ಕಾಯುತ್ತಿತ್ತು.

ಕೊನೆಗೆ ನಾನು ಬಾಯಿ ತೆರೆದೆ.